ಮುಖದ ಡಬ್ಬಿ

"ಈ ಸಲ ನಮ್ಮನೆಯಿಂದ ನಾಲ್ಕು," ಎಂದಳು ಅಜ್ಜಿ.

ನಮ್ಮ ಕಡೆಯಿಂದ ಚುನಾವಣೆಗೆ ನಿಲ್ಲುವ ಕೊಡೆ ಯಜಮಾನರು ಚಹಾದ ಲೋಟ ಕೆಳಗಿಟ್ಟು ನನ್ನ ಕಡೆ ನೋಡಿ ನಕ್ಕರು. ನನಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು. ಮತದಾರರ ಪಟ್ಟಿಯಲ್ಲಿ ಹೆಸರೂ ಬಂದಿತ್ತು. ಅಜ್ಜಿ, ಅಪ್ಪ, ಅಮ್ಮ, ನಾನು, ಅಲ್ಲಿಗೆ ನಾಲ್ಕು. ಪ್ರತಿ ಚುನಾವಣೆಗೂ ಆರು ವಾರ ಮುಂಚೆ ಯಜಮಾನರು ನಮ್ಮ ಮನೆಗೆ ಚಹಾಕ್ಕೆ ಬರುವುದು, ಅಜ್ಜಿ ಮನೆಯ ವೋಟುಗಳನ್ನೆಲ್ಲ ಒಟ್ಟಿಗೆ ಅವರ ಮುಂದಿಡುವುದು ನಾನು ಹುಟ್ಟುವ ಮೊದಲಿನಿಂದ ನಡೆದುಬಂದದ್ದು.

ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದಳು.

"ಮೂರು ಅಂತ ಹೇಳಿ, ಅತ್ತೆ."

ಅಪ್ಪ ಕೆಮ್ಮಿದ. ಕಷ್ಟ ಬಂದಾಗಲೆಲ್ಲ ಅಪ್ಪನಿಗೆ ಕೆಮ್ಮು ಬರುತ್ತದೆ, ಅದಕ್ಕೆ ಔಷಧ ಇನ್ನೂ ಯಾರೂ ಕಂಡುಹಿಡಿದಿಲ್ಲ. ಯಜಮಾನರು ಮಾನವಂತರು, ಕೇಳಿಸದವರ ಹಾಗೆ ಉಳಿದ ಚಹಾ ಕುಡಿದು, ಬಾಗಿಲ ಮೂಲೆಗೆ ಒರಗಿಸಿದ್ದ ತಮ್ಮ ಕಪ್ಪು ಕೊಡೆ ತೆಗೆದುಕೊಂಡು ಹೊರಟರು.

ಅವರ ಚಪ್ಪಲಿ ಸದ್ದು ಬೀದಿಯ ತಿರುವು ದಾಟುವವರೆಗೆ ಅಜ್ಜಿ ಕಾದಳು. "ಏನೇ ಅದು ಮೂರು?"

"ನನ್ನ ವೋಟು ನರ್ಸಮ್ಮನಿಗೆ ಹಾಕ್ತೀನಿ ಅತ್ತೆ. ನಿಮ್ಮ ಹತ್ರ ಮೊದ್ಲೇ ಹೇಳೋಣ ಅಂತಿದ್ದೆ, ಧೈರ್ಯ ಬರ್ಲಿಲ್ಲ. ನೀವು ಅವರೆದುರು ನಾಲ್ಕು ಅಂದ್ಬಿಟ್ರಿ. ನಿಮ್ಮ ಮಾತು ಸುಳ್ಳಾಗೋದು ನಂಗಿಷ್ಟ ಇಲ್ಲ."

"ಆ ಬೆಳ್ಳಗಿನವಳಿಗಾ?"

"ಆ ಹೆಂಗಸಿಗೆ."

"ಲೇ, ನಮ್ಮವರನ್ನ ಬಿಟ್ಟು ಅವರಿಗೆ ಹಾಕಿದ ಒಂದೇ ಒಂದು ಮನೆ ತೋರಿಸೇ ಈ ಬೀದೀಲಿ!"

"ಇಲ್ಲ. ಅದಕ್ಕೇ ಮೂರು ಅಂದೆ, ಸೊನ್ನೆ ಅನ್ಲಿಲ್ಲ."

ನನಗೆ ನಗು ಬಂತು. ಅಜ್ಜಿ ನನ್ನತ್ತ ನೋಡಿದ ನೋಟಕ್ಕೆ ಅದು ಬಂದ ದಾರಿಯಲ್ಲೇ ವಾಪಸು ಹೋಯಿತು.

ನಮ್ಮ ಊರನ್ನು ಒಂದು ಹೊಳೆ ಸೀಳುತ್ತದೆ. ಈ ದಂಡೆಯಲ್ಲಿ ನಾವು, ಆ ದಂಡೆಯಲ್ಲಿ ಅವರು. ನಮ್ಮ ಮುತ್ತಜ್ಜಂದಿರನ್ನು ಬಂದರು ಕಟ್ಟುವ ಕೆಲಸಕ್ಕೆ ಹಡಗಿನಲ್ಲಿ ತಂದು ಇಳಿಸಿದರಂತೆ. ನಮ್ಮ ಬಣ್ಣ ಬೇರೆ, ಮೂಗು ಬೇರೆ, ಕೂದಲು ಬೇರೆ. ಸೇತುವೆಯ ಮೇಲೆ ಎದುರಾದವರು ಯಾವ ದಂಡೆಯವರೆಂದು ಹತ್ತು ಮಾರು ದೂರದಿಂದಲೇ ಹೇಳಬಹುದು. ನಮ್ಮಲ್ಲಿ ಯಾರೂ ಹಡಗಿನ ಮುಖ ನೋಡದಿದ್ದರೂ ಅವರು ಇವತ್ತಿಗೂ ನಮ್ಮನ್ನು ಹಡಗಿನವರು ಅನ್ನುತ್ತಾರೆ. ನಾವು ಅವರನ್ನು ಬೆಳ್ಳಗಿನವರು ಅನ್ನುತ್ತೇವೆ. ಆ ಸಲ ಚುನಾವಣೆಗೆ ನಿಂತವರು ಮೂವರು: ನಮ್ಮ ಯಜಮಾನರು, ಅವರ ಕಡೆಯ ಮರದ ಮಿಲ್ಲಿನ ಮಾಲೀಕ, ಮತ್ತು ಅವರ ಜನರೇ ಆದರೂ ಅವರ ಗಂಡಸರಿಗೆ ಬೇಡವಾದ, ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತಳಾದ ನರ್ಸಮ್ಮ.

*

ಚುನಾವಣೆ ಬಂದರೆ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಮುಖಗಳು ಜಾಸ್ತಿ. ನಾವು ಕೈಯಲ್ಲಿ ಪೋಸ್ಟರ್ ಅಚ್ಚು ಹಾಕುವವರು. ಬಲೆ ಬಿಗಿದ ಚೌಕಟ್ಟಿನ ಮೇಲೆ ಇಂಕು ಸುರಿದು, ರಬ್ಬರಿನ ಪಟ್ಟಿಯಿಂದ ಒಂದೇ ಉಸಿರಿಗೆ ಎಳೆಯಬೇಕು. ಮೊದಲು ಮುಖದ ಆಕಾರಕ್ಕೆ ಮೈಬಣ್ಣ. ಅದು ಒಣಗಿದ ಮೇಲೆ ಇನ್ನೊಂದು ಚೌಕಟ್ಟಿನಿಂದ ಕಣ್ಣು, ಮೂಗು, ಬಾಯಿ, ಕೂದಲು. ಒಣಗಿಸಲು ಮೂರು ಕೋಣೆಗಳ ಉದ್ದಕ್ಕೂ ಹಗ್ಗ ಕಟ್ಟಿ ಕ್ಲಿಪ್ ಹಾಕಿ ನೇತುಹಾಕುತ್ತೇವೆ. ಆಮೇಲೆ ತಲೆ ಬಗ್ಗಿಸಿ ಓಡಾಡಬೇಕು, ತಲೆ ಬಗ್ಗಿಸಿ ಊಟ ಮಾಡಬೇಕು.

ಮಧ್ಯಾಹ್ನದ ಹೊತ್ತು ಕಿಟಕಿಯ ಬಿಸಿಲು ಆ ಹಾಳೆಗಳನ್ನು ಹಾಯ್ದು ಬಂದಾಗ ಮನೆಯೆಲ್ಲ ಕಂದು ಬಣ್ಣದ ನೀರಿನೊಳಗೆ ಇದ್ದಂತೆ ಕಾಣುತ್ತದೆ. ಇಂಕಿನ ವಾಸನೆಗೆ ಮಂಪರು ಹತ್ತುತ್ತದೆ. ಚಿಕ್ಕವಳಿದ್ದಾಗ ನಾನು ಆ ಹಗ್ಗಗಳ ಕೆಳಗೆ ಚಾಪೆ ಹಾಕಿ ಮಲಗುತ್ತಿದ್ದೆ. ಗಾಳಿ ಬಂದರೆ ಇನ್ನೂರು ಯಜಮಾನರು ಒಟ್ಟಿಗೆ ತಲೆಯಾಡಿಸುವರು. ನಾನು ಕಂಡ ಕನಸಿಗೆಲ್ಲ ಅವರು ಹೂಂ ಅನ್ನುತ್ತಿದ್ದಾರೆಂದು ನಂಬಿದ್ದೆ.

ನಮ್ಮಲ್ಲಿ ಮೈಬಣ್ಣದ ಡಬ್ಬಿ ಒಂದೇ. ಮುಚ್ಚಳದ ಮೇಲೆ ಅಜ್ಜನ ಕೈಯಲ್ಲಿ "ಮುಖ" ಎಂದು ಬರೆದಿದೆ. ಮೂವತ್ತು ವರ್ಷದ ಹಿಂದೆ ಯಜಮಾನರು ಮೊದಲ ಸಲ ನಿಂತಾಗ ಆ ದಂಡೆಯ ಪ್ರೆಸ್ಸಿನವರು ತಮ್ಮಲ್ಲಿದ್ದ ಒಂದೇ ಗುಲಾಬಿ ಮೈಬಣ್ಣದಲ್ಲಿ ಅವರನ್ನು ಅಚ್ಚು ಹಾಕಿ ಕಳಿಸಿದ್ದರು. ಬಿಸಿನೀರಲ್ಲಿ ಅದ್ದಿ ತೆಗೆದ ಮನುಷ್ಯನ ಹಾಗೆ ಕಾಣುತ್ತಿದ್ದರಂತೆ. ಗೋಣಿಚೀಲದ ಮೇಲೆ ಹೆಸರು ಅಚ್ಚು ಹಾಕುತ್ತಿದ್ದ ಅಜ್ಜನಿಗೆ ಅದನ್ನು ನೋಡಿ ಸಿಟ್ಟು ಬಂತು. ಅಜ್ಜಿ ತನ್ನ ಎಡತೋಳನ್ನು ಮೇಜಿನ ಮೇಲೆ ಚಾಚಿ ಕೂತಳು, ಅಜ್ಜ ಮೂರು ದಿನ ಆ ತೋಳು ನೋಡಿ ನೋಡಿ ಬಣ್ಣ ಬೆರೆಸಿದ. ನಮ್ಮ ಮೈಬಣ್ಣದ ಮುಖವೊಂದು ಈ ಊರಿನ ಗೋಡೆಗೆ ಹತ್ತಿದ್ದು ಅದೇ ಮೊದಲು. ಅಂದಿನಿಂದ ಶಾಲೆಯ ಮೇಷ್ಟರಿರಲಿ, ಫುಟ್‌ಬಾಲ್ ತಂಡವಿರಲಿ, ತೀರಿಕೊಂಡವರ ನೆನಪಿನ ಹಾಳೆಯಿರಲಿ, ನಮ್ಮಲ್ಲಿ ಅಚ್ಚಾದವರೆಲ್ಲ ಈ ದಂಡೆಯವರೇ. ಆ ಡಬ್ಬಿ ಎಲ್ಲರಿಗೂ ಸಾಕಾಯಿತು.

ಆ ಮೊದಲ ವೋಟಿನ ದಿನ ಶಾಲೆಯ ಮೆಟ್ಟಿಲ ಮೇಲೆ ಆ ದಂಡೆಯ ಗಂಡಸರು ನಿಂತು ನಮ್ಮ ಹೆಂಗಸರ ಮೇಲೆ ಕೆಸರೆರಚಿದರು. ಯಜಮಾನರು ಕೊಡೆ ಬಿಚ್ಚಿ ಅಜ್ಜಿಗೆ ಅಡ್ಡ ಹಿಡಿದು ಒಳಗೆ ಕಳಿಸಿದರು. ಅವರ ಬಿಳಿ ಅಂಗಿ ಕೆಸರಾಯಿತು, ಅಜ್ಜಿಗೆ ಒಂದು ಹನಿ ತಾಗಲಿಲ್ಲ. ಇದನ್ನು ಅಜ್ಜಿ ಹೇಳುವಾಗ ಇವತ್ತಿಗೂ ದನಿ ಒದ್ದೆಯಾಗುತ್ತದೆ.

"ಮೂರು" ಎಂದ ದಿನದಿಂದ ಅಜ್ಜಿ ಅಮ್ಮನ ತಲೆ ಬಾಚುವುದನ್ನು ನಿಲ್ಲಿಸಿದಳು.

ಇದು ಸಣ್ಣ ವಿಷಯ ಅಂತ ಅಂದುಕೊಳ್ಳಬೇಡಿ. ನಮ್ಮ ಜನದ ಕೂದಲು ಸುರುಳಿ ಸುರುಳಿಯಾಗಿ ಬಿಗಿದುಕೊಂಡಿರುತ್ತದೆ. ಎಣ್ಣೆ ಹಚ್ಚಿ, ಎಳೆ ಎಳೆಯಾಗಿ ಬಿಡಿಸಿ ಹೆಣೆಯಲು ಇನ್ನೊಬ್ಬರ ಕೈ ಬೇಕೇ ಬೇಕು. ಅಮ್ಮನಿಗೆ ತಾಯಿ ಇರಲಿಲ್ಲ. ಇಪ್ಪತ್ತರ ವಯಸ್ಸಿಗೆ ಈ ಮನೆಗೆ ಬಂದಾಗಿನಿಂದ ಪ್ರತಿ ಭಾನುವಾರ ಅಜ್ಜಿಯ ಮೊಣಕಾಲ ಸಂದಿಯಲ್ಲಿ ಕೂತು ತಲೆ ಒಪ್ಪಿಸುವಳು. ಬೀದಿಯವರೆಲ್ಲ ಅತ್ತೆ ಸೊಸೆ ಅಂದರೆ ಇವರಂತಿರಬೇಕು ಎಂದು ಹೊಟ್ಟೆ ಉರಿದುಕೊಳ್ಳುವರು. ಆ ಭಾನುವಾರ ಅಮ್ಮ ಎಣ್ಣೆ ಬಟ್ಟಲು ಹಿಡಿದು ಬಂದು ನಿಂತಳು. ಅಜ್ಜಿ ಕಿಟಕಿಯ ಕಡೆ ತಿರುಗಿ, "ಕೈ ನೋಯ್ತಿದೆ," ಎಂದಳು. ಅಮ್ಮ ಬಟ್ಟಲು ಕೆಳಗಿಟ್ಟು ತಲೆಗೆ ಬಟ್ಟೆ ಕಟ್ಟಿಕೊಂಡಳು.

"ನಾನು ಬಾಚ್ಲಾ ಅಮ್ಮ?" ಎಂದೆ.

"ಬೇಡ ಬಿಡು," ಎಂದಳು. ಕಣ್ಣು ತುಂಬಿತ್ತು.

*

ಮುಂದಿನ ವಾರ ನರ್ಸಮ್ಮ ತಾನೇ ನಮ್ಮ ಮನೆ ಬಾಗಿಲಿಗೆ ಬಂದಳು. ಅರವತ್ತು ದಾಟಿದವಳು, ಕತ್ತರಿಸಿದ ನರೆಗೂದಲು, ಕೈಯಲ್ಲಿ ತನ್ನದೊಂದು ಫೋಟೋ. ಇನ್ನೂರು ಪೋಸ್ಟರ್ ಬೇಕಂತೆ.

"ಆ ಕಡೆ ಪ್ರೆಸ್ಸುಗಳಿಲ್ವಾ?" ಎಂದಳು ಅಜ್ಜಿ, ಕೂತಲ್ಲಿಂದ ಏಳದೆ.

"ಇವೆ. ಮಿಲ್ಲಿನ ಮಾಲೀಕರು ಎಲ್ಲರನ್ನೂ ಹಿಡ್ಕೊಂಡಿದಾರೆ. ನನ್ನದು ಆಗಲ್ಲ ಅಂದ್ರು."

ಅಪ್ಪ ಎಂದಿನಂತೆ ಕೆಮ್ಮಿದ. ಅವಳು ಹೋದ ಮೇಲೆ ಬೇಯಿಸಿದ ಆಲೂಗಡ್ಡೆಯ ತಟ್ಟೆಗಳ ಮುಂದೆ ಜಗಳ ಶುರುವಾಯಿತು.

"ಕೆಲಸ ಅಂದ್ರೆ ಕೆಲಸ ಅಮ್ಮ," ಎಂದ ಅಪ್ಪ ಅಜ್ಜಿಗೆ. "ಅಚ್ಚು ಹಾಕಿದ ಮಾತ್ರಕ್ಕೆ ವೋಟು ಹಾಕ್ದಂಗಾ?"

"ನನ್ನ ಮನೇಲಿ ಆ ಮುಖ ಒಣಗೋದಾ? ಕೂತು ಅದರ ಕೆಳಗೆ ಅನ್ನ ತಿನ್ನೋದಾ?" ಅಜ್ಜಿ ಅಮ್ಮನ ಕಡೆ ತಿರುಗಿದಳು. ವಾರದ ನಂತರ ಅವಳೊಂದಿಗೆ ನೇರವಾಗಿ ಆಡಿದ ಮೊದಲ ಮಾತು ಇದು. "ಆ ಬೆಂಚು ಮರೆತ್ಯಾ? ಬೆಳಗ್ಗೆ ಏಳು ಗಂಟೆಯಿಂದ ಅಲ್ಲಿ ಕೂರಿಸಿದ್ದು ಯಾರು? ಅವಳ ಜನ."

"ಮರೆಯೋದು ಹೇಗೆ ಅತ್ತೆ? ನನ್ನ ತೋಳು ಹಿಡಿದು ಆ ಬೆಂಚಿಂದ ಎಬ್ಬಿಸಿ ಒಳಗೆ ಕರ್ಕೊಂಡು ಹೋದೋಳು ಯಾರು? ಅವಳೇ."

ಇಬ್ಬರೂ ಹೇಳುತ್ತಿದ್ದದ್ದು ಒಂದೇ ಬೆಂಚು, ಒಂದೇ ದಿನ. ನನಗಾಗ ಎಂಟು ವರ್ಷ. ಈ ದಂಡೆಯ ಹೆರಿಗೆ ವಾರ್ಡಿಗೆ ಬೀಗ ಬಿದ್ದಿತ್ತು, ಅಮ್ಮನಿಗೆ ನೋವು ಬಂದಾಗ ಅಜ್ಜಿ ಅವಳನ್ನು ಸೇತುವೆ ದಾಟಿಸಿ ಆ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಅವರ ಹೆಂಗಸರೆಲ್ಲ ಒಳಗೆ ಹೋದ ಮೇಲೆ ನಮ್ಮವರ ಸರದಿ. ನನ್ನ ತಂಗಿ ಹುಟ್ಟಿ ಒಂದು ಗಂಟೆಯೂ ಉಳಿಯಲಿಲ್ಲ.

"ಆ ವಾರ್ಡಿನ ಬೀಗ ತೆಗೆಸ್ತೀನಿ ಅಂತ ಯಜಮಾನ್ರು ಎಷ್ಟು ಚುನಾವಣೇಲಿ ಹೇಳಿದ್ರು?" ಎಂದಳು ಅಮ್ಮ. "ಹೋದ ವರ್ಷ ನಾವು ಹೆಂಗಸರೆಲ್ಲ ಹೋಗಿ ಕೇಳಿದ್ವಿ. ಏನಂದ್ರು ಗೊತ್ತಾ? ಮೊದ್ಲು ನಮ್ಮವರ ಮನೆ ಕಾಗದಪತ್ರದ ಕೆಲಸ ಮುಗೀಲಿ ತಾಯಿ, ಹೆಂಗಸರ ವಿಷಯ ಆಮೇಲೆ ನೋಡೋಣ ಅಂದ್ರು. ಹಾಗಾದ್ರೆ ನಾನು ನಮ್ಮವಳಲ್ವಾ ಅತ್ತೆ?"

ಅಜ್ಜಿ ಆಲೂಗಡ್ಡೆಗೆ ಉಪ್ಪು ಕಡಿಮೆ ಎಂದು ಗೊಣಗಿದಳು. ಉಪ್ಪು ಸರಿಯಾಗಿಯೇ ಇತ್ತು.

ಅಮ್ಮ ಮಧ್ಯಾಹ್ನದವರೆಗೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ಎರಡೂ ದಂಡೆಯ ಹೆಂಗಸರು ಅಕ್ಕಪಕ್ಕದ ಮಿಷನ್ನುಗಳಲ್ಲಿ ಕೂರುವ ಜಾಗ ಅದೊಂದೇ. ಪಕ್ಕದ ಮಿಷನ್ನಿನ ಬೆಳ್ಳಗಿನ ಹೆಂಗಸು ಅಮ್ಮನಿಗೆ ಹೇಳಿದಳಂತೆ, "ನಮ್ಮನೇಲೂ ಅದೇ ಗೋಳು ಕಣ್ರೀ. ನಂಗೆ ನರ್ಸಮ್ಮ ಅಂದ್ರೆ ಇಷ್ಟ. ನನ್ನ ಗಂಡ ಕೇಳ್ಬೇಕಲ್ಲ! ಹಡಗಿನವರ ಬೀದೀಲಿ ಚಹಾ ಕುಡಿಯೋಳಿಗೆ ಹಾಕಿದ್ರೆ ಮನೆ ಬಾಗಿಲು ಹಾಕ್ತೀನಿ ಅಂತಾನೆ."

"ನಮ್ಮನೇಲಿ ಅವಳಿಗೆ ಇನ್ನೂ ಚಹಾ ಕೊಟ್ಟೇ ಇಲ್ಲ," ಎಂದಳಂತೆ ಅಮ್ಮ. ಇಬ್ಬರೂ ದಾರ ಕಿತ್ತುಹೋಗುವಷ್ಟು ನಕ್ಕರಂತೆ.

*

ಕೊನೆಗೆ ಅಪ್ಪ ಕೆಲಸ ಒಪ್ಪಿಕೊಂಡ, ಒಪ್ಪಿಕೊಂಡ ಎರಡನೆಯ ದಿನವೇ ಸೊಂಟ ಹಿಡಿದು ಮಲಗಿದ. ಮೈಬಣ್ಣ ಎಳೆಯುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಕೈಗೆ ಆ ಒಂದೇ ಉಸಿರು ಇನ್ನೂ ಬಂದಿಲ್ಲ, ಅರ್ಧಕ್ಕೆ ನಡುಗುತ್ತದೆ. ಅಜ್ಜಿ ಒಳಕೋಣೆಯಿಂದ ಐದು ಹಾಳೆ ಹಾಳಾಗುವವರೆಗೆ ಸಹಿಸಿದಳು. ಆರನೆಯದಕ್ಕೆ ಎದ್ದು ಬಂದಳು.

"ಸರಿಯೇ ಆಚೆ. ಶತ್ರುವಿಗೆ ಆದ್ರೂ ಇಷ್ಟು ಕೆಟ್ಟದಾಗಿ ಅಚ್ಚು ಹಾಕಬಾರದು."

ಏಪ್ರನ್ ಕಟ್ಟಿಕೊಂಡಳು. ನಾನು ಬೆರೆಸಿಕೊಂಡಿದ್ದ ತೆಳು ಬಣ್ಣದ ಬಟ್ಟಲನ್ನು ನೀರು ನೀರು ಎಂದು ಪಕ್ಕಕ್ಕೆ ತಳ್ಳಿ, ಶೆಲ್ಫಿಗೆ ಕೈ ಚಾಚಿ, ಮೂವತ್ತು ವರ್ಷದಿಂದ ಮಾಡಿದ ಹಾಗೆ ಮುಖದ ಡಬ್ಬಿ ತೆಗೆದು ಸುರಿದಳು. ನೋಡಲಿಲ್ಲ, ಯೋಚಿಸಲಿಲ್ಲ. ಮುಖ ಅಂದರೆ ಆ ಡಬ್ಬಿ. ಕಣ್ಣು ಮೂಗು ಇಲ್ಲದ ಇನ್ನೂರು ಕಂದು ಅಂಡಾಕಾರಗಳು ಒಂದೊಂದಾಗಿ ಹಗ್ಗಕ್ಕೆ ಏರಿದವು. ನಾನು ಕ್ಲಿಪ್ ಹಾಕುತ್ತ ಹೋದೆ. ನನಗೆ ಗೊತ್ತಾಗಲಿಲ್ಲವೇ ಎಂದರೆ, ಸುಳ್ಳೇಕೆ, ಮೂರನೆಯ ಹಾಳೆಗೇ ಗೊತ್ತಾಯಿತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಅಜ್ಜಿಯ ಕೈ ಅಷ್ಟು ಚಂದ ಓಡುತ್ತಿತ್ತು, ಮತ್ತು ಏನಾಗುವುದೋ ನೋಡುವ ಆಸೆಯೂ ಇತ್ತು.

ಮರುದಿನ ಕಾರ್ಖಾನೆಯಿಂದ ಬಂದ ಅಮ್ಮ ಕಪ್ಪು ಎಳೆಯಲು ನಿಂತಳು. ಮೊದಲ ಹಾಳೆಯ ಮೇಲೆ ಕಣ್ಣು ಮೂಡಿತು, ಬಾಯಿ ಮೂಡಿತು, ಕತ್ತರಿಸಿದ ಕೂದಲು ಮೂಡಿತು. ಅಮ್ಮ ಪಟ್ಟಿ ಹಿಡಿದೇ ನಿಂತುಬಿಟ್ಟಳು.

"ಅಯ್ಯೋ... ಇವಳು ನಮ್ಮ ಬೀದಿಯವಳಾಗಿಬಿಟ್ಟಿದಾಳಲ್ಲೇ!"

ಆಮೇಲೆ ನಕ್ಕಳು ನೋಡಿ, ಮೂರು ವಾರದ ನಗುವನ್ನೆಲ್ಲ ಒಟ್ಟಿಗೆ ನಕ್ಕಳು. ನೆಲಕ್ಕೆ ಕೂತು ನಕ್ಕಳು. ನಾನೂ ಕೂತೆ. ಮಾಡಿದ್ದು ಮಾಡಿಯೇ ಬಿಡೋಣ ಎಂದು ಇನ್ನೂರನ್ನೂ ಎಳೆದೆವು. ಮಧ್ಯಾಹ್ನ ಮೂರರ ಹೊತ್ತಿಗೆ ಮನೆಯ ತುಂಬ ನಮ್ಮ ಬಣ್ಣದ ಹೆಂಗಸು ತೂಗಾಡುತ್ತಿದ್ದಳು. ಕಿಟಕಿಯ ಗಾಳಿಗೆ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿದಂತೆ ಹಾಳೆಗಳು ಒಂದಕ್ಕೊಂದು ತಾಗುತ್ತಿದ್ದವು. ನಮ್ಮ ಗೋಡೆಗಳಲ್ಲಿ, ನಮ್ಮ ಹಗ್ಗಗಳಲ್ಲಿ ಅಲ್ಲಿಯವರೆಗೆ ಹೆಂಗಸಿನ ಮುಖವೊಂದು ವೋಟು ಕೇಳಿದ್ದೇ ಇಲ್ಲ ಎಂಬುದು ನನಗೆ ಆಗ ತಿಳಿಯಿತು.

ಅಜ್ಜಿ ನಿದ್ದೆಯಿಂದೆದ್ದು ಬಂದು ಹಾಳೆಗಳ ಕೆಳಗೆ ಕೂತು ಚಹಾ ಕೇಳಿದಳು. ತಲೆ ಎತ್ತಿದಳು. ತುಂಬ ಹೊತ್ತು ನೋಡಿದಳು.

"ಯಾರೇ ಇವಳು? ನನ್ನ ಅಕ್ಕನ ಹಾಗಿದಾಳೆ."

"ನರ್ಸಮ್ಮ ಅಜ್ಜಿ. ನೀನೇ ಬಣ್ಣ ಹಾಕಿದ್ದು."

ಅಜ್ಜಿ ತನ್ನ ತೋಳು ನೋಡಿಕೊಂಡಳು, ಹಾಳೆ ನೋಡಿದಳು, ಮತ್ತೆ ತೋಳು ನೋಡಿಕೊಂಡಳು. ಅಪ್ಪ ಸೊಂಟ ಹಿಡಿದುಕೊಂಡು ಬಾಗಿಲಿಗೆ ಬಂದವನು ತಲೆ ಮೇಲೆ ಕೈ ಹೊತ್ತ. "ಮುಗೀತು. ಇದನ್ನ ಅಂಟಿಸಿದ್ರೆ ನಮ್ಮ ಮುಖ ಹಾಕ್ಕೊಂಡು ವೋಟು ಕದಿಯೋಕೆ ಬಂದ್ಲು ಅಂತ ನಮ್ಮವರು ಅಂತಾರೆ. ಹಡಗಿನವರು ನಮ್ಮ ಹೆಂಗಸಿಗೆ ಮಸಿ ಬಳಿದ್ರು ಅಂತ ಅವರು ಅಂತಾರೆ. ಎರಡೂ ಕಡೆಯಿಂದ ನಂಗೇ ಏಟು!"

*

ಮಾರನೆಯ ದಿನ ನರ್ಸಮ್ಮ ಬಂದಳು. ಹಗ್ಗಗಳ ನಡುವೆ ತಲೆ ಬಗ್ಗಿಸಿ ನಿಧಾನವಾಗಿ ನಡೆದಳು, ಒಂದು ಕೋಣೆಯಿಂದ ಇನ್ನೊಂದಕ್ಕೆ. ತನ್ನ ಮುಖದ ಮುಂದೆ ತಾನೇ ನಿಂತಳು.

"ಚೆನ್ನಾಗಿದೆ," ಎಂದಳು ಕೊನೆಗೆ. "ಆದ್ರೆ ಇದು ನಾನಲ್ಲ. ಇದನ್ನ ಗೋಡೆಗೆ ಹಾಕಿದ್ರೆ ಮೋಸ ಆಗತ್ತೆ. ನನ್ನ ಬಣ್ಣದ ಡಬ್ಬಿ ನಿಮ್ಮಲ್ಲಿ ಇಲ್ವಾ ಅಮ್ಮಾ?"

"ಇಲ್ಲ. ಮೂವತ್ತು ವರ್ಷ ಬೇಕಾಗ್ಲಿಲ್ಲ."

ಅಜ್ಜಿಗೆ ಅವಮಾನವಾಗಿತ್ತು. ಬೈಗುಳವಾದರೆ ತಡೆದುಕೊಳ್ಳುತ್ತಾಳೆ, ಕೆಟ್ಟ ಕೆಲಸ ಮಾಡಿದೆ ಅನ್ನಿಸಿಕೊಳ್ಳುವುದನ್ನು ತಡೆಯಲಾರಳು. ಮೇಜು ಒರೆಸಿದಳು. ಬಿಳಿ, ಹಳದಿ, ಕೆಂಪು ಡಬ್ಬಿಗಳನ್ನು ಸಾಲಾಗಿಟ್ಟಳು. ಕುರ್ಚಿ ಎಳೆದಳು.

"ಕೂತ್ಕೊಳ್ಳಿ. ತೋಳು ತೋರ್ಸಿ."

ನರ್ಸಮ್ಮ ಅಂಗಿಯ ತೋಳು ಮಡಚಿ ಕೈಯನ್ನು ಮೇಜಿನ ಮೇಲೆ ಚಾಚಿದಳು. ಅಜ್ಜಿ ಅದನ್ನು ಹಿಡಿದು ಬೆಳಕಿಗೆ ತಿರುಗಿಸಿದಳು. ಬಿಳಿಗೆ ಹಳದಿ ಬಿತ್ತು, ಚೂರು ಕೆಂಪು ಬಿತ್ತು. ಚಾಕುವಿನ ತುದಿಯಿಂದ ಆ ತೋಳಿನ ಮೇಲೆ ಒಂದೊಂದು ಬೊಟ್ಟು ಇಡುವುದು, ನೋಡುವುದು, ಒರೆಸುವುದು. ಅಮ್ಮ ಚಹಾ ತಂದು ನರ್ಸಮ್ಮನ ಪಕ್ಕದಲ್ಲಿಟ್ಟಳು. ಅಜ್ಜಿ ಬೇಡ ಅನ್ನಲಿಲ್ಲ.

"ಹತ್ತು ವರ್ಷದ ಹಿಂದೆ ನಾವು ಆ ಬೆಂಚಿನ ಮೇಲೆ ಕೂತಿದ್ವಿ," ಎಂದಳು ಅಜ್ಜಿ, ತೋಳಿನಿಂದ ಕಣ್ಣೆತ್ತದೆ. "ಇವಳು, ನಾನು. ನೀನು ಹನ್ನೆರಡು ಗಂಟೆಗೆ ಬಂದೆ. ಅಲ್ಲೀವರೆಗೆ ಎಲ್ಲಿದ್ದೆ?"

ನೀವು ಹೋಗಿ ನೀನು ಆಗಿತ್ತು. ನರ್ಸಮ್ಮ ಅಮ್ಮನನ್ನು ನೋಡಿದಳು. ತೋಳು ಎಳೆದುಕೊಳ್ಳಬಹುದಿತ್ತು, ಎಳೆದುಕೊಳ್ಳಲಿಲ್ಲ.

"ಅಲ್ಲೇ ಇದ್ದೆ. ಬೆಳಗ್ಗೆಯಿಂದ ನಿಮ್ಮ ಮುಂದಿಂದಾನೇ ಮೂರು ಸಲ ಹೋದೆ. ಅವರ ಸರದಿ ಆಮೇಲೆ ಅಂತ ದೊಡ್ಡ ನರ್ಸು ಹೇಳಿದ್ರು. ನಾನು ಸರಿ ಅಂದೆ. ನಾಲ್ಕನೇ ಸಲ ಈಕೆ ಬೆಂಚಿನ ಅಂಚು ಹಿಡ್ಕೊಂಡಿದ್ದು ನೋಡಿ ತಡೆಯೋಕಾಗ್ಲಿಲ್ಲ. ಏಳಕ್ಕೇ ತಡೆಯೋಕಾಗಬಾರದಿತ್ತು. ಚುನಾವಣೆಗೆ ನಿಂತಿದ್ದೂ ಅದಕ್ಕೇ. ಕ್ಷಮಿಸಿ ಅನ್ನೋಕೆ ಬಾಯಿ ಬರಲ್ಲ."

ಅಮ್ಮ ಗೋಡೆಗೆ ಒರಗಿದಳು. ಹತ್ತು ವರ್ಷ ಅಮ್ಮ ಮನಸ್ಸಿನಲ್ಲಿ ಜೋಪಾನ ಮಾಡಿಟ್ಟಿದ್ದ ಒಂದೇ ಒಳ್ಳೆಯ ಗಳಿಗೆ ಅದು. ಅವಳು ಹಿತ್ತಲಿಗೆ ಹೋದಳು. ಈಗ ಅಜ್ಜಿ ನೋಡಿದ್ಯಾ ಅಂದೇ ಅನ್ನುತ್ತಾಳೆ ಎಂದು ನಾನು ಕಾದೆ. ಅಜ್ಜಿ ಬಟ್ಟಲಲ್ಲಿ ಬಣ್ಣ ತಿರುವುತ್ತಲೇ ಇದ್ದಳು. ಎಷ್ಟು ತಿರುವಿದರೂ ಅದು ಸಪ್ಪೆಯಾಗಿ, ಸುಣ್ಣದ ಗೋಡೆಯ ಹಾಗೇ ಇತ್ತು. ಕೊನೆಗೆ ಮುಖದ ಡಬ್ಬಿ ತೆಗೆದು ಒಂದು ಚಮಚ ಹಾಕಿದಳು. ಆಗ ಅದಕ್ಕೆ ರಕ್ತ ಮಾಂಸ ಬಂತು. ತೋಳಿನ ಮೇಲೆ ಇಟ್ಟ ಬೊಟ್ಟು ಎಲ್ಲಿದೆ ಎಂದು ಹುಡುಕಬೇಕಾಯಿತು.

ಹೊಸ ಬಣ್ಣವನ್ನು ಖಾಲಿ ಡಬ್ಬಿಗೆ ತುಂಬಿ, "ಏನಂತ ಬರೀಲಿ ಅಜ್ಜಿ?" ಎಂದೆ.

"ಮುಖ ಅಂತ ಬರಿ."

"ಎರಡಕ್ಕೂ ಅದೇ ಬರೆದ್ರೆ ಯಾವುದು ಯಾವುದಂತ ಹೇಗೆ ಗೊತ್ತಾಗತ್ತೆ?"

"ಮುಚ್ಚಳ ತೆಗೆದು ನೋಡು. ನಾನು ನೋಡದೆ ಹಾಕಿದ್ದೇ ತಪ್ಪು."

*

ಆಮೇಲಿನ ಎರಡು ವಾರ ಅಮ್ಮ ಹೊಲಿದಳು, ಅಡುಗೆ ಮಾಡಿದಳು, ಬಲೆ ತೊಳೆದಳು, ಮಾತಾಡಲಿಲ್ಲ. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಲಿಲ್ಲ. ಒಂದು ಮಧ್ಯಾಹ್ನ ನಾವೆಲ್ಲ ಈರುಳ್ಳಿ ಸುಲಿಯುತ್ತ ಕೂತಿದ್ದಾಗ ಅಪ್ಪ ಗಂಟಲು ಸರಿಮಾಡಿಕೊಂಡು, "ಇನ್ನೇನು, ಮತ್ತೆ ನಾಲ್ಕೇ ಆಯ್ತಲ್ಲ," ಎಂದ.

"ಬಾಯಿ ಮುಚ್ಚೋ," ಎಂದಳು ಅಜ್ಜಿ.

ಅಪ್ಪ ಕೆಮ್ಮುವುದನ್ನೂ ಮರೆತ.

"ನರ್ಸಮ್ಮ ಹೇಳದಿದ್ರೆ ಯಾರಿಗೆ ಗೊತ್ತಾಗ್ತಿತ್ತು?" ಅಜ್ಜಿ ಈರುಳ್ಳಿಯನ್ನು ನೋಡುತ್ತ ಹೇಳಿದಳು, ಅಮ್ಮನಿಗೆ. "ಆಗಷ್ಟೇ ಬಂದಿದ್ದೆ ಅಂದಿದ್ರೆ ನಂಬ್ತಿದ್ವಿ. ನಾನೇ ಹೇಳ್ಲಿಲ್ಲ ನಿಂಗೆ ಹತ್ತು ವರ್ಷ."

"ಏನು ಹೇಳ್ಲಿಲ್ಲ?"

"ಆವತ್ತು ಎಂಟು ಗಂಟೆಗೆ ಬೆಂಚಿಂದಾನೇ ಯಜಮಾನ್ರಿಗೆ ಹೇಳಿ ಕಳಿಸಿದ್ದೆ. ಅವರು ಬಂದು ಒಂದು ಮಾತಾಡಿದ್ರೆ ಒಳಗೆ ಬಿಡ್ತಿದ್ರು. ಸಭೇಲಿದೀನಿ, ಮುಗಿಸಿ ಬರ್ತೀನಿ ಅಂದ್ರಂತೆ. ಅವಳು ಮಧ್ಯಾಹ್ನಕ್ಕೆ ಬಂದ್ಲು. ಅವರು ಸಂಜೆ ಮನೆಗೆ ಬಂದ್ರು, ಹಣ್ಣು ತಗೊಂಡು."

ಅಮ್ಮನ ಕೈ ನಿಂತಿತು. "ಗೊತ್ತಿದ್ದೂ ಪ್ರತಿ ಸಲ ನಮ್ಮದೆಲ್ಲ ಅವರಿಗೇ ಅಂದ್ರಾ ಅತ್ತೆ?"

"ಆ ಕೊಡೆ ನನ್ನ ತಲೆ ಮೇಲಿತ್ತು ಕಣೇ. ನನ್ನ ಕೈಲಿ ಬಿಡೋಕಾಗಲ್ಲ. ಈ ಸಲಾನೂ ಆಗಲ್ಲ." ಅಜ್ಜಿ ಕಣ್ಣೊರೆಸಿಕೊಂಡಳು. "ಹಾಳು ಈರುಳ್ಳಿ."

*

ಗೆದ್ದದ್ದು ಯಜಮಾನರೇ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಪ್ರತಿ ಸಲಕ್ಕಿಂತ ಕಡಿಮೆ ಅಂತರದಲ್ಲಿ. ಹಾಳಾದ ಆ ಇನ್ನೂರು ಹಾಳೆಗಳನ್ನು ಎಸೆಯಲು ಅಜ್ಜಿ ಬಿಡಲಿಲ್ಲ. ಕಪಾಟಿನ ಹಲಗೆಗಳಿಗೆ, ಪೆಟ್ಟಿಗೆಗಳ ತಳಕ್ಕೆ ಹಾಸಿದಳು. ಇವತ್ತಿಗೂ ನಮ್ಮ ಮನೆಯಲ್ಲಿ ಯಾವ ಡ್ರಾಯರ್ ಎಳೆದರೂ ಚಮಚಗಳ ಕೆಳಗಿಂದ ನಮ್ಮ ಬಣ್ಣದ ಆ ಹೆಂಗಸು ನೋಡುತ್ತಾಳೆ.

ವೋಟಿನ ದಿನ ಬೆಳಗ್ಗೆ ಮಂಜು ಬಿದ್ದಿತ್ತು. ಅಜ್ಜಿ ಮುಂದೆ, ನಾವು ಮೂವರು ಹಿಂದೆ. ಬೀದಿಯ ಒಂದು ಗೋಡೆಯ ಮೇಲೆ ಯಜಮಾನರು, ಪಕ್ಕದ ಗೋಡೆಯ ಮೇಲೆ ಸರಿಯಾದ ಬಣ್ಣದ ನರ್ಸಮ್ಮ, ಎರಡೂ ಮುಖ ಮಂಜಿನಲ್ಲಿ ಅರ್ಧರ್ಧ ಕರಗಿದ್ದವು. ಶಾಲೆಯ ಅದೇ ಮೆಟ್ಟಿಲು. ಒಳಗೆ ಹೋಗಿ ಒಬ್ಬೊಬ್ಬರಾಗಿ ಪರದೆಯ ಹಿಂದೆ ನಿಂತು ಬಂದೆವು. ಪರದೆಯ ಹಿಂದೆ ನನ್ನ ಕೈ ನಡುಗಿತು, ಆದರೆ ಅರ್ಧಕ್ಕೆ ನಿಲ್ಲಲಿಲ್ಲ.

ಯಜಮಾನರು ಎಂದಿನಂತೆ ಗೇಟಿನಾಚೆ ಮರದ ಕೆಳಗೆ ನಿಂತಿದ್ದರು. ಹೊರಗೆ ಬಂದ ಅಜ್ಜಿ ಬೆರಳು ಎತ್ತಿ ತೋರಿಸುವುದು ವಾಡಿಕೆ. ಈ ಸಲ ಕೈ ಏಳಲಿಲ್ಲ. ಅವರೇ ಕೇಳಿದರು.

"ಎಷ್ಟಮ್ಮಾ? ನಾಲ್ಕಾ, ಮೂರಾ?"

ನಮ್ಮ ಹಿಂದೆ ಬೀದಿಯ ಅರ್ಧ ಜನ ಸಾಲಲ್ಲಿದ್ದರು. ಅಮ್ಮ ತಲೆಯ ಬಟ್ಟೆಯ ಗಂಟು ಹಿಡಿದುಕೊಂಡಳು.

"ಒಂದು," ಎಂದಳು ಅಜ್ಜಿ. "ನಂದು. ನಿಮಗೇ ಹಾಕಿದೀನಿ. ಮಿಕ್ಕಿದ್ದು ಅವರವರನ್ನೇ ಕೇಳಿ."

ಯಜಮಾನರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಇಪ್ಪತ್ತು ವರ್ಷ ಅಮ್ಮನ ಕೈಯ ಚಹಾ ಕುಡಿದವರು ಅವಳನ್ನು ಆಗಷ್ಟೇ ಕಂಡವರಂತೆ ನೋಡಿದರು. "ನೀನೇನಮ್ಮಾ?"

"ವಾರ್ಡಿನ ಬೀಗದ ಕೈ ಯಾರ ಹತ್ರ ಇದೆ ಯಜಮಾನ್ರೇ?" ಎಂದಳು ಅಮ್ಮ.

ಸಾಲಿನಲ್ಲಿದ್ದ ಹೆಂಗಸೊಬ್ಬಳು, "ಹೌದು, ಯಾರ ಹತ್ರ ಇದೆ?" ಎಂದಳು. ನಾವು ಮನೆಗೆ ನಡೆದೆವು.

ಮನೆಯಲ್ಲಿ ಹಗ್ಗಗಳೆಲ್ಲ ಖಾಲಿ. ಎಷ್ಟೋ ವಾರದ ನಂತರ ತಲೆ ಎತ್ತಿ ನಡೆಯಬಹುದಿತ್ತು, ಆದರೂ ನಾವು ಅಭ್ಯಾಸಬಲದಿಂದ ಬಗ್ಗಿಕೊಂಡೇ ಒಳಗೆ ಬಂದೆವು. ಅವತ್ತು ಭಾನುವಾರವೂ ಅಲ್ಲ. ಅಜ್ಜಿ ಕಿಟಕಿಯ ಪಕ್ಕ ಕೂತು, "ಎಣ್ಣೆ ತಗೊಂಡ್ಬಾ," ಎಂದಳು.

"ಕೈ ನೋವು ಹೋಯ್ತಾ?" ಎಂದಳು ಅಮ್ಮ.

"ಬಾರೇ ಸುಮ್ನೆ."

ಅಮ್ಮ ನೆಲದ ಮೇಲೆ ಕೂತು ಬಟ್ಟೆ ಬಿಚ್ಚಿದಳು. ಆರು ವಾರದ ಸಿಕ್ಕು. ಅಜ್ಜಿ ಒಂದು ಎಳೆ ಹಿಡಿದು ಬುಡದಿಂದ ಬಿಡಿಸತೊಡಗಿದಳು.

"ಅತ್ತೆ," ಎಂದಳು ಅಮ್ಮ ಸ್ವಲ್ಪ ಹೊತ್ತಿನ ಮೇಲೆ, "ನಾನು ಯಾರಿಗೆ ಹಾಕ್ದೆ ಅಂತ ಹೇಳ್ಲಾ?"

"ಬೇಡ," ಎಂದಳು ಅಜ್ಜಿ. "ಹೇಳಿದ್ರೆ ನಾನು ಮತ್ತೆ ಎಣಿಸ್ತೀನಿ."

ಅಮ್ಮ ಅಜ್ಜಿಯ ಮೊಣಕಾಲಿಗೆ ತಲೆ ಒರಗಿಸಿದಳು. ಅಜ್ಜಿ ಬೆರಳಿಗೆ ಇನ್ನಷ್ಟು ಎಣ್ಣೆ ಹಚ್ಚಿಕೊಂಡು ಮುಂದಿನ ಎಳೆ ತೆಗೆದುಕೊಂಡಳು.